ಮುದ್ದೆಯೋ ಅನ್ನವೋ ಎಂಬ ತಪ್ಪು ಜಗಳ

ಮನೆಯಲ್ಲಿ ಒಬ್ಬರಿಗೆ ಶುಗರ್ ಇದೆ ಎಂದು ಗೊತ್ತಾದ ದಿನವೇ ಕೇಳಿಬರುವ ಮೊದಲ ಮಾತು: 'ಇನ್ನು ಅನ್ನ ಬಿಡಬೇಕು.' ಅದರ ಬೆನ್ನಿಗೇ ಮಿಕ್ಕ ಸಲಹೆಗಳೂ ಬರುತ್ತವೆ. ರಾತ್ರಿ ಎರಡು ಚಪಾತಿ ಸಾಕು. ಮಧ್ಯಾಹ್ನ ಮುದ್ದೆ ಉಣ್ಣಿ, ಎಷ್ಟು ಉಂಡರೂ ಏನೂ ಆಗಲ್ಲ. ನವಣೆ ತಂದುಬಿಡಿ, ಪಕ್ಕದ ಮನೆಯವರಿಗೆ ಅದರಿಂದಲೇ ಇಳಿದಿದೆಯಂತೆ. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸಿ, ಕೊನೆಗೆ ರಾಮನಿಂದ ರಾಗಿಯ ಪರವಾಗಿ ತೀರ್ಪು ಕೊಡಿಸಿದರು. ನಾಲ್ಕೈದು ಶತಮಾನ ಕಳೆದರೂ ನಮ್ಮ ಅಡುಗೆಮನೆಗಳಲ್ಲಿ ಆ ವ್ಯಾಜ್ಯ ಇನ್ನೂ ನಡೆಯುತ್ತಲೇ ಇದೆ. ಬರಗಾಲ ತಡೆಯುವ ಶಕ್ತಿ, ಕ್ಯಾಲ್ಸಿಯಂ, ಬಡವರ ಹೊಟ್ಟೆ ಇವುಗಳನ್ನು ನೋಡಿದರೆ ರಾಮನ ತೀರ್ಪು ಸರಿಯೇ. ಆದರೆ ರಕ್ತದಲ್ಲಿನ ಸಕ್ಕರೆಯ ವಿಷಯಕ್ಕೆ ಬಂದರೆ ಈ ವ್ಯಾಜ್ಯ ಹೂಡಿದ್ದೇ ತಪ್ಪು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕವನ್ನು ತೆರೆದು ನೋಡಿ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್. ಜೋಳದಲ್ಲಿ 68, ರಾಗಿಯಲ್ಲಿ 67, ಗೋಧಿ ಹಿಟ್ಟಿನಲ್ಲಿ 64. ನಾರಿನಂಶದಲ್ಲಿ ದೊಡ್ಡ ಅಂತರವಿದೆ ನಿಜ: ಅಕ್ಕಿಯಲ್ಲಿ ಮೂರು ಗ್ರಾಂ ಇಲ್ಲ, ರಾಗಿಯಲ್ಲಿ 11 ಗ್ರಾಂ, ಜೋಳದಲ್ಲಿ 10. ಅಷ್ಟರ ಮಟ್ಟಿಗೆ ರಾಗಿ, ಜೋಳಗಳು ಮೇಲು. ಆದರೆ ನೂರು ಗ್ರಾಂ ಹಿಟ್ಟು ಹಾಕಿ ತಿರುವಿದ ಒಂದು ದಪ್ಪ ಮುದ್ದೆ ಹೊಟ್ಟೆಗೆ ಹೋದರೆ 67 ಗ್ರಾಂ ಕಾರ್ಬೋಹೈಡ್ರೇಟ್ ಹೋದಂತೆಯೇ. 'ಮುದ್ದೆಗೇನೂ ಆಗಲ್ಲ' ಎಂಬ ಧೈರ್ಯದ ಮೇಲೆ ಎರಡನೆಯದನ್ನೂ ಮುರಿದರೆ ಅನ್ನ ಬಿಟ್ಟಿದ್ದರ ಲಾಭವೆಲ್ಲ ಸಾರಿನಲ್ಲಿ ಕರಗಿತು. ಧಾನ್ಯವನ್ನು ಎಷ್ಟು ನುಣ್ಣಗೆ ಬೀಸುತ್ತೇವೋ ಅದು ಅಷ್ಟು ಬೇಗ ಜೀರ್ಣವಾಗಿ ಸಕ್ಕರೆಯಾಗುತ್ತದೆ ಎಂಬುದೂ ಇದರ ಜೊತೆಗಿದೆ. ಇಡೀ ಕಾಳಾಗಿ ಬೆಂದ ನವಣೆಯೂ ನವಣೆ ಹಿಟ್ಟಿನ ದೋಸೆಯೂ ದೇಹಕ್ಕೆ ಒಂದೇ ಅಲ್ಲ.

ಈ ಮಾತಿಗೆ ಈಗ ದೇಶದ ಅಂಕಿಅಂಶವೇ ಸಾಕ್ಷಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ ಎಲ್ಲ ರಾಜ್ಯಗಳಲ್ಲಿ ನಡೆಸಿದ ಇಂಡಿಯಾಬ್ ಅಧ್ಯಯನ, 2023ರಲ್ಲಿ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ ಎಂದು ಲೆಕ್ಕ ಹಾಕಿತು. ಅದೇ ತಂಡ 2025ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ನಮ್ಮ ಊಟದ ಬಗ್ಗೆಯೇ ಬರೆಯಿತು. ಭಾರತೀಯರು ತಿನ್ನುವ ಒಟ್ಟು ಕ್ಯಾಲೊರಿಯಲ್ಲಿ ಶೇ 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ. ಅದರಲ್ಲಿ ಶೇ 5ರಷ್ಟನ್ನು ತೆಗೆದು ಬೇಳೆಕಾಳು ಅಥವಾ ಹಾಲು ಮೊಸರಿನ ಪ್ರೊಟೀನನ್ನು ಇಟ್ಟರೆ ಮಧುಮೇಹದ ಸಾಧ್ಯತೆ ಇಳಿಯುತ್ತದೆ. ಒಟ್ಟು ಪ್ರಮಾಣ ಇಳಿಸದೆ ಪಾಲಿಶ್ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದರೆ ಅಂಥ ಇಳಿಕೆ ಕಾಣಲಿಲ್ಲ. ಮೈಸೂರಿನ ಖಾದರ್ ವಲಿಯವರಿಗೆ ಪದ್ಮಶ್ರೀ ಬಂದದ್ದು, ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಚರಿಸಿದ್ದು ಎರಡೂ 2023ರಲ್ಲಿ. ಆ ಉತ್ಸಾಹದಿಂದ ನಮ್ಮ ಒಣಭೂಮಿಯ ರೈತರಿಗೆ ಒಳ್ಳೆಯದಾಗಲಿ. ಆದರೆ ಸಾವೆಯ ಬಿಸಿಬೇಳೆ ಬಾತನ್ನು ತಟ್ಟೆ ತುಂಬ ಬಡಿಸಿಕೊಂಡು 'ಇದು ಶುಗರಿಗೆ ಒಳ್ಳೆಯದು' ಎನ್ನುವುದು ನಾವು ನಮಗೇ ಹೇಳಿಕೊಳ್ಳುವ ಸುಳ್ಳು.

ಊಟ ಬದಲಿಸಿ, ಕಾರ್ಬೋಹೈಡ್ರೇಟ್ ತಗ್ಗಿಸಿ ಮಧುಮೇಹವನ್ನು ಹಿಡಿತಕ್ಕೆ ತರುವ ಯೋಚನೆ ಹೊಸತೂ ಅಲ್ಲ, ಇಂಟರ್ನೆಟ್ಟಿನ ಕೂಸೂ ಅಲ್ಲ. ಚರಕ ಸಂಹಿತೆ ಪ್ರಮೇಹದ ರೋಗಿಗೆ ಯವ, ಅಂದರೆ ಬಾರ್ಲಿಯನ್ನು ಮುಖ್ಯ ಆಹಾರವಾಗಿ ಹೇಳುತ್ತದೆ. 1797ರಲ್ಲಿ ಸ್ಕಾಟ್ಲೆಂಡಿನ ಸೇನಾ ವೈದ್ಯ ಜಾನ್ ರೋಲೊ ಒಬ್ಬ ಕ್ಯಾಪ್ಟನ್‌ಗೆ ಬಹುಪಾಲು ಮಾಂಸ ಕೊಬ್ಬಿನ ಊಟ ಹಾಕಿ ಅವನ ಮೂತ್ರದ ಸಕ್ಕರೆ ಇಳಿದದ್ದನ್ನು ಬರೆದಿಟ್ಟ. 1870ರಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್‌ಗೆ ಮುತ್ತಿಗೆ ಹಾಕಿ ಊಟಕ್ಕೆ ಬರ ಬಂದಾಗ ತನ್ನ ರೋಗಿಗಳು ಸುಧಾರಿಸಿದ್ದನ್ನು ಅಲ್ಲಿನ ವೈದ್ಯ ಬುಷಾರ್ದಾ ಗಮನಿಸಿದ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಆ್ಯಲನ್ ರೋಗಿಗಳನ್ನು ಹೆಚ್ಚುಕಡಿಮೆ ಉಪವಾಸಕ್ಕೇ ಕೆಡವಿದ. ಮಕ್ಕಳು ಎಲುಬು ಚರ್ಮವಾಗಿ ಇನ್ನಷ್ಟು ಕಾಲ ಬದುಕಿದರು, ಅಷ್ಟೇ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಚುಚ್ಚಿದ ಮೇಲೆ ಈ ಕಠೋರ ಪಥ್ಯಗಳ ಕಾಲ ಮುಗಿಯಿತು. ಮುಂದೆ 1970–80ರ ದಶಕಗಳಲ್ಲಿ ಕೊಬ್ಬೇ ಹೃದಯದ ವೈರಿ ಎಂಬ ಭಯ ಹರಡಿ, ಮಧುಮೇಹಿಗಳಿಗೂ ಅರ್ಧಕ್ಕಿಂತ ಹೆಚ್ಚು ಕ್ಯಾಲೊರಿ ಕಾರ್ಬೋಹೈಡ್ರೇಟಿನಿಂದಲೇ ಬರಲಿ ಎಂಬುದು ಅಧಿಕೃತ ಸಲಹೆಯಾಯಿತು. 2019ರ ಹೊತ್ತಿಗೆ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ತನ್ನ ವರದಿಯಲ್ಲಿ, ಸಕ್ಕರೆಯ ಹತೋಟಿಗೆ ಅತಿ ಹೆಚ್ಚು ಆಧಾರವಿರುವುದು ಒಟ್ಟು ಕಾರ್ಬೋಹೈಡ್ರೇಟ್ ಕಡಿಮೆ ಮಾಡುವುದಕ್ಕೇ ಎಂದು ಒಪ್ಪಿಕೊಂಡಿತು.

ಹಾಗಾದರೆ ಎಷ್ಟು ಕಡಿಮೆ? ಇಲ್ಲಿ ಒಬ್ಬೊಬ್ಬರ ಲೆಕ್ಕ ಒಂದೊಂದು. ದಿನಕ್ಕೆ 130 ಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ 'ಲೋ ಕಾರ್ಬ್' ಎನ್ನುತ್ತಾರೆ. 20ರಿಂದ 50 ಗ್ರಾಂಗೆ ಇಳಿದರೆ ಅದು ಕೀಟೊ. ದಿನಕ್ಕೆ 1800 ಕ್ಯಾಲೊರಿ ತಿನ್ನುವ ಒಬ್ಬ ಸರಾಸರಿ ಭಾರತೀಯ ಶೇ 62ರ ಲೆಕ್ಕದಲ್ಲಿ ಈಗ ತಿನ್ನುತ್ತಿರುವುದು ಸುಮಾರು 280 ಗ್ರಾಂ. 280ರಿಂದ 130ಕ್ಕೆ ಇಳಿಯುವುದೇ ದೊಡ್ಡ ಮಾತು, ಅಲ್ಲಿಂದ 30ಕ್ಕೆ ಇಳಿಯುವುದು ಬೇರೆಯೇ ಲೋಕ. 2021ರಲ್ಲಿ 'ಬಿಎಂಜೆ' ಪತ್ರಿಕೆ 23 ಪ್ರಯೋಗಗಳನ್ನೂ 1,357 ಮಂದಿಯನ್ನೂ ಒಟ್ಟುಗೂಡಿಸಿದ ವಿಮರ್ಶೆಯೊಂದನ್ನು ಪ್ರಕಟಿಸಿತು. ಆರು ತಿಂಗಳ ಕೊನೆಗೆ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮಧುಮೇಹದ ಗೆರೆಯಾದ 6.5ಕ್ಕಿಂತ ಕೆಳಗಿಳಿದವರು ಲೋ ಕಾರ್ಬ್ ಗುಂಪಿನಲ್ಲಿ ಶೇ 57, ಮಿಕ್ಕ ಗುಂಪಿನಲ್ಲಿ ಶೇ 31. ಮಾತ್ರೆಯನ್ನೂ ಬಿಟ್ಟು ಅಷ್ಟಕ್ಕೆ ನಿಂತವರನ್ನು ಮಾತ್ರ ಎಣಿಸಿದರೆ ಅಂತರ ಅಷ್ಟು ಖಚಿತವಾಗಿ ಉಳಿಯಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಲಾಭವೂ ಸೊರಗಿತು. ನಾನು ಓದಿಕೊಳ್ಳುವುದು ಹೀಗೆ: ಪಥ್ಯ ಕೆಲಸ ಮಾಡುತ್ತದೆ, ಜನ ಅದನ್ನು ಬಿಟ್ಟುಬಿಡುತ್ತಾರೆ. ಬಿಡದೆ ನಡೆಸಿಕೊಂಡು ಹೋಗಬಹುದಾದಷ್ಟು ಕಡಿಮೆ ಯಾವುದೋ ಅದೇ ನಿಮ್ಮ ಪಾಲಿನ ಸರಿಯಾದ ಕಡಿಮೆ.

ಲೋ ಕಾರ್ಬಿನ ಭಕ್ತರು ಸಾಮಾನ್ಯವಾಗಿ ಹೇಳದ ಒಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ನ್ಯೂಕಾಸಲ್‌ನ ರಾಯ್ ಟೇಲರ್, ಗ್ಲಾಸ್ಗೊದ ಮೈಕ್ ಲೀನ್ 2017ರಲ್ಲಿ ಪ್ರಕಟಿಸಿದ 'ಡೈರೆಕ್ಟ್' ಪ್ರಯೋಗದಲ್ಲಿ ರೋಗಿಗಳು ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿಯ ಸೂಪು, ಶೇಕುಗಳ ಮೇಲೆ ಇದ್ದರು. ವರ್ಷದ ಕೊನೆಗೆ ಶೇ 46 ಮಂದಿ ಮಾತ್ರೆಯಿಲ್ಲದೆ ಮಧುಮೇಹದ ಗೆರೆಯಿಂದ ಕೆಳಗಿದ್ದರು. ಎರಡನೆಯ ವರ್ಷಕ್ಕೆ ಶೇ 36. ಆ ಸೂಪಿನ ಕ್ಯಾಲೊರಿಯಲ್ಲಿ ಶೇ 59ರಷ್ಟು ಕಾರ್ಬೋಹೈಡ್ರೇಟೇ ಆಗಿತ್ತು! ಗೆದ್ದದ್ದು ತೂಕ ಇಳಿದದ್ದರಿಂದ, ಪಿತ್ತಜನಕಾಂಗದಲ್ಲೂ ಮೇದೋಜೀರಕದಲ್ಲೂ ತುಂಬಿದ್ದ ಕೊಬ್ಬು ಕರಗಿದ್ದರಿಂದ. ಹಾಗಾಗಿ ಅನ್ನ ಬಿಟ್ಟು ಬೆಣ್ಣೆ, ತುಪ್ಪ, ಗೋಡಂಬಿ ಎಂದು ಅಳತೆಯಿಲ್ಲದೆ ತಿಂದು ತೂಕ ಏರಿಸಿಕೊಂಡವರಿಗೆ ಮೀಟರಿನ ಅಂಕಿ ಕೆಲದಿನ ಚೆನ್ನಾಗಿ ಕಂಡರೂ ರೋಗದ ಬೇರು ಅಲ್ಲೇ ಇರುತ್ತದೆ. ನಮ್ಮಲ್ಲಿ ತೆಳ್ಳಗೆ ಕಂಡರೂ ಹೊಟ್ಟೆಯ ಸುತ್ತ ಮಾತ್ರ ಕೊಬ್ಬಿರುವವರು ಬಹಳ. ಅವರಿಗೆ ಇಳಿಸಬೇಕಾದ ತೂಕವೂ ಕಡಿಮೆಯೇ.

ಇಂಡಿಯಾಬ್ ತಂಡವೇ 2022ರಲ್ಲಿ ನಮ್ಮವರ ಊಟದ ಮಾಹಿತಿ ಹಿಡಿದು ಗಣಿತದ ಮಾದರಿಯೊಂದನ್ನು ಕಟ್ಟಿತು. ಹೊಸದಾಗಿ ಮಧುಮೇಹ ಬಂದವರು ಅದರಿಂದ ಹೊರಬರಲು ಕಾರ್ಬೋಹೈಡ್ರೇಟ್ ಶೇ 49–54ರ ಮಟ್ಟಕ್ಕೆ ಇಳಿಯಬೇಕು, ಪ್ರೊಟೀನ್ ಶೇ 20ರ ಹತ್ತಿರಕ್ಕೆ ಏರಬೇಕು ಎಂಬುದು ಅದರ ಸಾರ. ಇದು ಲೆಕ್ಕಾಚಾರವೇ ಹೊರತು ರೋಗಿಗಳ ಮೇಲೆ ನಡೆಸಿದ ಪ್ರಯೋಗವಲ್ಲ. ಆದರೂ ಇಡ್ಲಿ, ಮುದ್ದೆ, ರೊಟ್ಟಿ ಬಿಡಲಾಗದವರಿಗೆ ಇದು ಭರವಸೆ ಕೊಡುವ ಲೆಕ್ಕ. ಕೀಟೊದ ತನಕ ಹೋಗಬೇಕಾಗಿಲ್ಲ.

ಅಡುಗೆಮನೆಗೆ ಬರೋಣ. ನಮ್ಮ ಅತಿ ಕೆಟ್ಟ ಊಟ ಬೆಳಗಿನ ತಿಂಡಿ ಎಂದರೆ ಅನೇಕರಿಗೆ ಬೇಜಾರಾಗಬಹುದು. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಪುಳಿಯೋಗರೆ, ಶಾವಿಗೆ, ದೋಸೆ: ಒಂದರಲ್ಲೂ ಹೇಳಿಕೊಳ್ಳುವಷ್ಟು ಪ್ರೊಟೀನಿಲ್ಲ, ತರಕಾರಿ ಬಂದರೂ ಲೆಕ್ಕಕ್ಕೆ. ದರ್ಶಿನಿಯ ಚೌಚೌ ಬಾತ್ ಎಂದರೆ ಒಂದು ಕಡೆ ರವೆ, ಇನ್ನೊಂದು ಕಡೆ ಸಕ್ಕರೆ ಹಾಕಿದ ರವೆ, ಮೇಲೊಂದು ಸಕ್ಕರೆಯ ಕಾಫಿ. ಬೆಳಗಿನ ಹೊತ್ತು ದೇಹದಲ್ಲಿ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರಿರುವುದರಿಂದ ಅನೇಕ ಮಧುಮೇಹಿಗಳಲ್ಲಿ ಇನ್ಸುಲಿನ್ನಿನ ಮಾತು ಸರಿಯಾಗಿ ನಡೆಯುವುದಿಲ್ಲ. ಆ ಹೊತ್ತಿಗೇ ನಾವು ದಿನದ ಅತಿ ಸುಲಭವಾಗಿ ಕರಗುವ ಪಿಷ್ಟವನ್ನು ಇಳಿಸುತ್ತೇವೆ. ಬದಲಾವಣೆಗೆ ಒಂದೇ ಊಟ ಆರಿಸಿಕೊಳ್ಳಿ ಎಂದರೆ ನಾನು ತಿಂಡಿಯನ್ನೇ ಹೇಳುತ್ತೇನೆ. ನೆನೆಸಿದ ಹೆಸರುಕಾಳು ರುಬ್ಬಿ ಹಾಕಿದ ದೋಸೆ, ಅದಕ್ಕೆ ಶೇಂಗಾ ಚಟ್ನಿ. ಇಡ್ಲಿಯಾದರೆ ನಾಲ್ಕರ ಬದಲು ಎರಡು, ಜೊತೆಗೆ ಬಟ್ಟಲು ತುಂಬ ತರಕಾರಿಯ ಗಟ್ಟಿ ಸಾಂಬಾರು, ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆ. ಉಪ್ಪಿಟ್ಟೇ ಬೇಕೆಂದರೆ ರವೆ ಅರ್ಧ, ಹುರುಳಿಕಾಯಿ, ಅವರೆಕಾಳು ಅರ್ಧ. ಅವರೆ ಕಾಲದಲ್ಲಿ ಬೆಂಗಳೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

130 ಗ್ರಾಂ ಎಂದರೆ ತಟ್ಟೆಯಲ್ಲಿ ಹೇಗಿರುತ್ತದೆ ಎಂದು ಕೇಳುವವರಿಗೆ ಒಂದು ಅಂದಾಜು ಕೊಡುತ್ತೇನೆ. ಬೆಳಿಗ್ಗೆ ಎರಡು ಇಡ್ಲಿ, 25 ಗ್ರಾಂ. ಮಧ್ಯಾಹ್ನ ಐವತ್ತು ಗ್ರಾಂ ಹಿಟ್ಟಿನ ಸಣ್ಣ ಮುದ್ದೆ, 33. ರಾತ್ರಿ ಒಂದು ತೆಳು ಜೋಳದ ರೊಟ್ಟಿ, 27. ದಿನವಿಡೀ ಬೇಳೆಕಾಳು, ತರಕಾರಿಯಿಂದ 20, ಹಾಲು ಮೊಸರಿನಿಂದ 10, ಒಂದು ಸಣ್ಣ ಸೀಬೆಹಣ್ಣಿನಿಂದಲೋ ಕಿತ್ತಳೆಯಿಂದಲೋ 15. ಕೂಡಿದರೆ 130. ಇದು ಕನ್ನಡದ್ದೇ ಊಟ, ಎಲ್ಲಿಂದಲೂ ಆಮದು ಮಾಡಿದ್ದಲ್ಲ. ಆದರೆ ಈ 130 ಗ್ರಾಂ ಕಾರ್ಬೋಹೈಡ್ರೇಟಿನಿಂದ ಬರುವುದು 520 ಕ್ಯಾಲೊರಿ. ಮಿಕ್ಕದ್ದನ್ನು ತುಂಬಿಸದಿದ್ದರೆ ಹನ್ನೊಂದು ಗಂಟೆಗೆ ಕೈ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತದೆ. ಅನ್ನ ಕಡಿಮೆ ಮಾಡಿ ಬೇರೇನೂ ಸೇರಿಸದವರ ಪಥ್ಯ ಮುರಿಯುವುದು ಅಲ್ಲೇ.

ಸೇರಿಸುವುದಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಹಳೆ ಮೈಸೂರು ಸೀಮೆಯ ಬಸ್ಸಾರಿನಲ್ಲಿ ಸೊಪ್ಪೂ ಕಾಳೂ ಬೆಂದು ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಮುದ್ದೆ ಅರ್ಧವಾಗಿ ಆ ಪಲ್ಯ ಎರಡರಷ್ಟಾದರೆ ಅದೇ ಒಳ್ಳೆಯ ಲೋ ಕಾರ್ಬ್ ಊಟ. ಉತ್ತರದ ರೊಟ್ಟಿ ಊಟವಂತೂ ಈ ದೃಷ್ಟಿಯಿಂದ ನಾಡಿನಲ್ಲೇ ಜಾಣತನದ್ದು: ಪುಂಡಿಪಲ್ಯ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅಲ್ಲಿ ತಪ್ಪುವುದು ರೊಟ್ಟಿಯಾದ ಮೇಲೆ ಬರುವ ಅನ್ನದ ಎರಡನೆಯ ಸುತ್ತಿನಲ್ಲಿ. ಕರಾವಳಿಯಲ್ಲಿ ಬಂಗುಡೆ, ಬೂತಾಯಿ ಅಗ್ಗವಾಗಿರುವ ದಿನಗಳಲ್ಲಿ ಮೀನೇ ಊಟವಾಗಿ ಕುಚಲಕ್ಕಿ ಅನ್ನ ಬದಿಗೆ ಸರಿಯಬಹುದು. ಕುಚಲಕ್ಕಿ ಬೆಳ್ತಿಗೆಗಿಂತ ನಿಧಾನವಾಗಿ ಕರಗುತ್ತದೆ. ನೀರುದೋಸೆಗೆ ಆ ರಿಯಾಯಿತಿ ಇಲ್ಲ, ಅದು ಬರೀ ಅಕ್ಕಿ ನೀರು. ಮಲೆನಾಡಿನವರಿಗೆ ತಂಬುಳಿ, ಚಟ್ನಿ, ಪಳದ್ಯ ಎಲ್ಲವೂ ಅನ್ನಕ್ಕೆ ಕಲಸಿಕೊಳ್ಳಲೆಂದೇ ಇರುವುದರಿಂದ ನಿಜಕ್ಕೂ ಕಷ್ಟ. ತಂಬುಳಿಯನ್ನು ಲೋಟದಲ್ಲಿ ಕುಡಿಯಿರಿ ಎಂದರೆ ಕೆಲವರಿಗೆ ನಗು ಬರುತ್ತದೆ, ಆದರೆ ಕುಡಿಯಬಹುದು.

ಊಟದ ಕ್ರಮವೂ ಕೆಲಸ ಮಾಡುತ್ತದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಹನ್ನೊಂದೇ ಮಂದಿಯ ಮೇಲೆ ಸಣ್ಣ ಪ್ರಯೋಗ ಮಾಡಿದರು. ಅದೇ ಊಟವನ್ನು ತರಕಾರಿ, ಪ್ರೊಟೀನ್ ಮೊದಲು, ಬ್ರೆಡ್ಡು ಕೊನೆಗೆ ಎಂಬ ಕ್ರಮದಲ್ಲಿ ತಿಂದಾಗ ಒಂದು ಗಂಟೆಯ ಹೊತ್ತಿನ ಸಕ್ಕರೆ ಮೂರನೆಯ ಒಂದು ಭಾಗಕ್ಕೂ ಮೀರಿ ಇಳಿದಿತ್ತು. ನಮ್ಮ ಮದುವೆ ಊಟದಲ್ಲಿ ಎಲೆಯ ಮೇಲೆ ಕೋಸಂಬರಿ, ಪಲ್ಯಗಳು ಮೊದಲೇ ಬಂದು ಕೂತಿರುತ್ತವೆ. ನಾವು ಮಾತ್ರ ಅನ್ನ ಬರುವ ತನಕ ಕೈ ಕಟ್ಟಿ ಕಾಯುತ್ತೇವೆ. ಕಾಯಬೇಡಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸ್ನಾಯುಗಳೂ ಒಂದಷ್ಟು ಸಕ್ಕರೆ ಎಳೆದುಕೊಳ್ಳುತ್ತವೆ.

ಉಳಿದ ಕೆಲವು ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಬೆಲ್ಲದ ನೂರು ಗ್ರಾಂನಲ್ಲಿ ಸುಮಾರು 85 ಗ್ರಾಂ ಕಾರ್ಬೋಹೈಡ್ರೇಟ್, ಅದೂ ಸಕ್ಕರೆಯೇ. ಹಾಗಲಕಾಯಿ ಗೊಜ್ಜಿಗೆ ಉಂಡೆ ಬೆಲ್ಲ ಹಾಕಿ ಅದನ್ನು ಔಷಧಿ ಎನ್ನಬಾರದು. ಗಂಜಿ ಬಸಿದ ಅನ್ನದಲ್ಲಿ, ತಣ್ಣಗಾದ ಅನ್ನದಲ್ಲಿ ಸಿಗುವ ಲಾಭ ಸಣ್ಣದು. ಇನ್ನೊಂದು ಸೌಟು ಬಡಿಸಿಕೊಂಡರೆ ಅಷ್ಟಕ್ಕೇ ಹೋಯಿತು. ಏಕಾದಶಿಯ ಉಪವಾಸದ ಸಬ್ಬಕ್ಕಿ ಎಂದರೆ ಬಹುಪಾಲು ಶುದ್ಧ ಪಿಷ್ಟ. ಮಾವಿನ ಕಾಲದಲ್ಲಿ ಒಂದೆರಡು ಹೋಳು ತಿನ್ನಿ, ಆ ಹೊತ್ತಿನ ಅನ್ನ ಬಿಡಿ. ಯಾರಿಗೆ ಯಾವುದು ಎಷ್ಟು ಏರಿಸುತ್ತದೆ ಎಂಬುದರಲ್ಲೂ ವ್ಯತ್ಯಾಸವಿದೆ: ಇಸ್ರೇಲಿನ ವೈಸ್‌ಮನ್ ಸಂಸ್ಥೆ 2015ರಲ್ಲಿ 800 ಮಂದಿಯ ಸಕ್ಕರೆಯನ್ನು ವಾರವಿಡೀ ಅಳೆದಾಗ, ಒಂದೇ ಆಹಾರಕ್ಕೆ ಒಬ್ಬೊಬ್ಬರ ದೇಹ ಒಂದೊಂದು ರೀತಿ ಉತ್ತರ ಕೊಟ್ಟಿತು. ಹಾಗಾಗಿ ಪಕ್ಕದ ಮನೆಯವರ ನವಣೆಗಿಂತ ನಿಮ್ಮದೇ ಮೀಟರು ಒಳ್ಳೆಯ ಗುರು. ಊಟಕ್ಕೆ ಮೊದಲು ಒಮ್ಮೆ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ಬೆರಳು ಚುಚ್ಚಿ ನೋಡಿದರೆ ಯಾವ ತಿಂಡಿ ನಿಮಗೆ ಆಗುವುದಿಲ್ಲ ಎಂದು ಒಂದು ವಾರದಲ್ಲಿ ತಿಳಿಯುತ್ತದೆ.

ಇಷ್ಟೆಲ್ಲ ಹೇಳುವಾಗ ದುಡ್ಡಿನ ಮಾತು ಬಿಟ್ಟರೆ ಅನ್ಯಾಯವಾದೀತು. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವನ್ನು ತಡೆಯಿತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನ್ಯಾಯಬೆಲೆ ಅಂಗಡಿಯಿಂದ ಬರುತ್ತ ಬಂದದ್ದು ಹೆಚ್ಚಾಗಿ ಅಕ್ಕಿ. ದಕ್ಷಿಣದಲ್ಲಿ ಒಂದಿಷ್ಟು ರಾಗಿ, ಉತ್ತರದಲ್ಲಿ ಜೋಳ. ಮೊಟ್ಟೆ, ಹಾಲು, ಶೇಂಗಾ ಎಲ್ಲಕ್ಕೂ ಕೈಯಿಂದ ಕಾಸು ಬಿಚ್ಚಬೇಕು. ಧಾನ್ಯಗಳಿಂದ ಬರುವ ಕ್ಯಾಲೊರಿ ಶೇ 45 ಮೀರದಿರಲಿ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಕೂಲಿ ಮಾಡುವ ಮನೆಗೆ ಆ ಮಾತು ತಲುಪಬೇಕಾದರೆ ಪಡಿತರದ ಚೀಲದಲ್ಲಿ ಹುರುಳಿ, ಕಡಲೆ, ತೊಗರಿ ಇರಬೇಕು. ಹುರುಳಿಯಂತೂ ನಮ್ಮದೇ ಒಣಭೂಮಿಯ ಬೆಳೆ, ಬೆಲೆಯೂ ಕೈಗೆಟಕುವಂಥದ್ದು. ಮನೆಯೊಳಗಿನ ಹಂಚಿಕೆಯದು ಇನ್ನೊಂದು ಕಥೆ. ಗಂಡಸಿಗೆ ಶುಗರ್ ಬಂದರೆ ಮನೆಯಲ್ಲಿ ಬೇರೆ ಅಡುಗೆ ಆಗುತ್ತದೆ. ಹೆಂಗಸಿಗೆ ಬಂದರೆ ಎಲ್ಲರಿಗೂ ಬಡಿಸಿ, ಪಲ್ಯ ಮುಗಿದ ಮೇಲೆ, ತಳದ ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಉಣ್ಣುವುದು ಈಗಲೂ ನಡೆದಿದೆ. ಬೇರೆ ಅಡುಗೆ ಮಾಡುವ ಬದಲು ಇಡೀ ಮನೆಯ ತಟ್ಟೆಯನ್ನೇ ಬದಲಿಸುವುದು ಸುಲಭ. ಹೊಸ್ತಿಲಲ್ಲಿರುವ 13.6 ಕೋಟಿ ಮಂದಿಯಲ್ಲಿ ಒಬ್ಬರಾದರೂ ಅದೇ ಮನೆಯಲ್ಲಿ ಇರಬಹುದು.

ದೂರದ ಆರೋಗ್ಯದ ಬಗ್ಗೆಯೂ ಒಂದು ಎಚ್ಚರ ಬೇಕು. 2018ರಲ್ಲಿ 'ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್' ಪ್ರಕಟಿಸಿದ ದೊಡ್ಡ ವಿಶ್ಲೇಷಣೆಯಲ್ಲಿ ಕಾರ್ಬೋಹೈಡ್ರೇಟ್ ತೀರಾ ಹೆಚ್ಚು ತಿಂದವರಲ್ಲೂ ತೀರಾ ಕಡಿಮೆ ತಿಂದವರಲ್ಲೂ ಸಾವಿನ ಪ್ರಮಾಣ ಹೆಚ್ಚಿತ್ತು. ಶೇ 50–55ರ ಆಸುಪಾಸಿನಲ್ಲಿ ಅತಿ ಕಡಿಮೆ. ಖಾಲಿಯಾದ ಜಾಗವನ್ನು ಮಾಂಸದ ಕೊಬ್ಬು, ಪ್ರೊಟೀನಿನಿಂದ ತುಂಬಿದವರಿಗಿಂತ ಕಾಳು, ಬೀಜಗಳಿಂದ ತುಂಬಿದವರು ಚೆನ್ನಾಗಿದ್ದರು. ಇದು ಜನರನ್ನು ಗಮನಿಸಿ ಬರೆದ ಲೆಕ್ಕ, ಕಾರಣವನ್ನು ಖಚಿತವಾಗಿ ಹೇಳಲಾರದು. ಆದರೂ ಹುರುಳಿ ಸಾರು, ಶೇಂಗಾ ಹಿಂಡಿಯ ನಾಡಿನವರಿಗೆ ಇದು ಒಪ್ಪಿಕೊಳ್ಳಲು ಕಷ್ಟದ ಸುದ್ದಿಯಲ್ಲ.

ಇನ್ನು ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಮಾತು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಊಟ ಬದಲಿಸುವುದರಲ್ಲಿ ದೊಡ್ಡ ಅಪಾಯವಿಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ಇದ್ದು, ಅಷ್ಟೇ ಡೋಸ್ ಇಟ್ಟುಕೊಂಡು ಅನ್ನ ಅರ್ಧ ಮಾಡಿದರೆ ಸಕ್ಕರೆ 70ರ ಕೆಳಗೆ ಕುಸಿದು ಬೆವರು, ನಡುಕ ಬಂದು ಎಚ್ಚರ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಕೀಟೊಗೆ ಇಳಿದರೆ ಮೀಟರಿನಲ್ಲಿ ಅಂಕಿ ಹೆಚ್ಚೇನೂ ಏರದೆ ಇರುವಾಗಲೇ ರಕ್ತ ಆಮ್ಲೀಯವಾಗುವ ಅಪಾಯವಿದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಆಸ್ಪತ್ರೆಗೆ ಓಡಬೇಕು. ಟೈಪ್ 1 ಇರುವವರು, ಬಸುರಿ ಬಾಣಂತಿಯರು, ಮೂತ್ರಪಿಂಡ ಸೋತವರು ಸ್ವಂತ ಪ್ರಯೋಗಕ್ಕೆ ಹೋಗಲೇಬಾರದು. ಈ ಪಟ್ಟಿಯಲ್ಲಿ ನೀವಿದ್ದರೆ ಇವತ್ತು ರಾತ್ರಿ ಎಂದಿನಂತೆ ಉಣ್ಣಿ. ನಾಳೆ ಮಾತ್ರೆಯ ಚೀಟಿ ಹಿಡಿದು ನಿಮ್ಮ ವೈದ್ಯರ ಬಳಿ ಹೋಗಿ, 'ಊಟದಲ್ಲಿ ಧಾನ್ಯ ಅರ್ಧ ಮಾಡುತ್ತಿದ್ದೇನೆ, ಡೋಸ್ ಎಷ್ಟು ಇಳಿಸಬೇಕು' ಎಂದು ಕೇಳಿ. ಆಮೇಲೆ ಶುರು ಮಾಡಿ.